ಬಾಗಿಲ ಹಿಂದಿನ ಕಾಯಿಗಳು

ಬಿಳಿಗೆರೆ ಗಂಗರಾಜನ ಮಗಳು ಅನಿತಾ ಮಾತು ಕಲಿಯೋದಕ್ಕೆ ಮೊದಲು ಕಾಯಿ ಅಲ್ಲಾಡಿಸೋದು ಕಲಿತಳು ಅಂತ ಊರಲ್ಲಿ ಹೇಳ್ತಾರೆ. ಊರು ಅಂದಮೇಲೆ ಒಂದಕ್ಕೆರಡು ಸೇರಿಸಿಯೇ ಹೇಳೋದು, ಅರ್ಧ ನಂಬಿದರೆ ಸಾಕು. ಆದರೆ ಅವಳ ಅಜ್ಜಿ ಮರಿಯಮ್ಮ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಟ್ಟದಿಂದ ಇಳಿಸಿದ ಕಾಯಿ ವಿಂಗಡಿಸುತ್ತಿದ್ದದ್ದು ಮಾತ್ರ ನಿಜ. ತಿಪಟೂರು ಸೀಮೆಯಲ್ಲಿ ಕೊಬ್ಬರಿ ಅಂದರೆ ಒಡೆದು ಬಿಸಿಲಿಗೆ ಹಾಕಿ ಒಣಗಿಸಿದ್ದಲ್ಲ ಸ್ವಾಮಿ. ಇಡೀ ಕಾಯಿ ಅಟ್ಟ ಹತ್ತಬೇಕು, ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂರಬೇಕು, ಒಳಗಿನ ನೀರು ತಾನಾಗೇ ಇಂಗಿ ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ತಿಳಿಯೋದು ಹೇಗೆ? ಕೈಗೆತ್ತಿಕೋ, ಕಿವಿ ಹತ್ತಿರ ಹಿಡಿ, ಎರಡು ಸಲ ಅಲ್ಲಾಡಿಸು. ಗಡಗಡ ಅಂದರೆ ಕೊಬ್ಬರಿ. ಗುಳುಗುಳು ಅಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಎರಡೂ ಅಲ್ಲದೆ ಸದ್ದು ಮಂಕಾಗಿ ಬಂತೋ, ಒಳಗೆ ಕೊಳೆತಿದೆ ಅಂತ ಅರ್ಥ. ಅದು ಮೂಲೆಗೆ.

"ಕೆಟ್ಟದ್ನ ರಾಶಿಗೆ ಬುಡಬ್ಯಾಡ ಕಣೇ, ಮನೆ ಹೆಸರು ಹೋಯ್ತದೆ." ಇದು ಮರಿಯಮ್ಮನ ಪಾಠ, ಮೊದಲನೆಯದೂ ಕೊನೆಯದೂ. ಅಂಗನವಾಡಿಯಲ್ಲಿ ಅ ಆ ಇ ಈ ತಿದ್ದುವ ಹೊತ್ತಿಗೆ ಅನಿತಾಗೆ ಇದು ರಕ್ತಕ್ಕೆ ಇಳಿದಿತ್ತು. ಸಂತೆಯಲ್ಲಿ, ನೆಂಟರ ಮನೆಯಲ್ಲಿ, ಮದುವೆ ಮನೆಯಲ್ಲಿ ಕೊಡೋ ತಾಂಬೂಲದ ಚೀಲದಲ್ಲಿ, ಎಲ್ಲಿ ಕಾಯಿ ಕೈಗೆ ಸಿಕ್ಕರೂ ಅದು ಒಮ್ಮೆ ಅವಳ ಕಿವಿ ಹತ್ತಿರ ಹೋಗಿಯೇ ಕೆಳಗಿಳಿಯೋದು. ಅವಳಿಗೇ ಅದರ ಅರಿವಿರಲಿಲ್ಲ.

ಹುಡುಗಿ ಬುದ್ಧಿವಂತೆ. ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದು ತಿಪಟೂರಿನ ಕಾಲೇಜಲ್ಲಿ ಬಿಎಸ್ಸಿಗೆ ಸೇರಿದಳು. ಅಲ್ಲಿ ಭೌತಶಾಸ್ತ್ರ ಹೇಳೋ ಸೂರ್ಯಪ್ರಕಾಶ್ ಮೇಷ್ಟ್ರ ಕಣ್ಣಿಗೆ ಬಿದ್ದಳು. ಈ ಮೇಷ್ಟ್ರದ್ದು ಒಂದು ಥರ. ಹುಡುಗರು ಲ್ಯಾಬಿನಲ್ಲಿ ಸರಿಯಾದ ಉತ್ತರ ತಂದರೆ ಖುಷಿ ಪಡೋರಲ್ಲ, ಹುಬ್ಬು ಗಂಟಿಕ್ಕೋರು. ಎರಡನೇ ವರ್ಷದ ಕೊನೆಗೆ ಒಂದು ದಿನ ಅನಿತಾಳನ್ನು ನಿಲ್ಲಿಸಿಕೊಂಡು ಕೇಳಿದರು.

"ಈ ಲೋಲಕದ ಪ್ರಯೋಗದಲ್ಲಿ ಗುರುತ್ವ ಒಂಬತ್ತು ಪಾಯಿಂಟ್ ಎಂಟೇ ಹೆಂಗಮ್ಮ ಬಂತು?"

"ಲೆಕ್ಕ ಮಾಡಿದೆ ಸಾರ್."

"ಸುಳ್ಳು. ಪುಸ್ತಕದಲ್ಲಿ ಅಷ್ಟೇ ಅಂತ ಇದೆ, ಅದಕ್ಕೆ ರೀಡಿಂಗ್ ತಿದ್ದಿದ್ದೀಯ. ನಿನ್ನ ತಪ್ಪಲ್ಲ ಬಿಡು, ನಾನೂ ಹಂಗೇ ಪಾಸಾದೋನು. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆನ ಒಂದ್ಸಲ ಮುಟ್ಟಿ ನೋಡು ಕಣಮ್ಮ. ಮೈಸೂರಲ್ಲಿ ಒಂದು ಸಂಶೋಧನಾ ಸಂಸ್ಥೆ ಇದೆ, ಬೇಸಿಗೆ ರಜದಲ್ಲಿ ಡಿಗ್ರಿ ಮಕ್ಕಳನ್ನ ಎಂಟು ವಾರ ಇಟ್ಕೊಂಡು ಕೆಲಸ ಕಲಿಸ್ತಾರೆ. ಅರ್ಜಿ ಹಾಕು."

ಹಾಕಿದಳು. ಆಯ್ಕೆಯಾಗಿದ್ದೀಯ ಅಂತ ಮೊಬೈಲಿಗೆ ಪತ್ರ ಬಂದಾಗ ಅವಳು ಬಸ್ಸಿನಲ್ಲಿದ್ದಳು. ಸೀಟಿಲ್ಲದೆ ಕಂಬಿ ಹಿಡಿದು ನಿಂತಿದ್ದಳು. ಅದನ್ನು ಓದಿದಳು, ಮತ್ತೆ ಓದಿದಳು, ಪಕ್ಕದಲ್ಲಿದ್ದ ಹೂವಿನ ಬುಟ್ಟಿ ಅಜ್ಜಿಗೂ ಓದಿ ಹೇಳಿದಳು. ಆ ಅಜ್ಜಿ ಏನೂ ಅರ್ಥವಾಗದೆ "ಒಳ್ಳೇದಾಗ್ಲಿ ಬುಡವ್ವ" ಅಂದಿತು. ಬಿಳಿಗೆರೆ ಸ್ಟಾಪು ಬಂದು ಹೋದದ್ದೇ ತಿಳಿಯಲಿಲ್ಲ. ಎರಡು ಸ್ಟಾಪು ದಾಟಿ ಇಳಿದು, ತೋಟದ ನಡುವಿನ ದಾರೀಲಿ ನಡೆದು ಮನೆಗೆ ಬರುವಷ್ಟರಲ್ಲಿ ಅವಳು ಮನಸ್ಸಿನಲ್ಲಿ ವಿಜ್ಞಾನಿ ಆಗಿ ಆಗಿತ್ತು.

ಮನೆಯಲ್ಲಿ ಗಂಗರಾಜ ಹಸುವಿಗೆ ಹುಲ್ಲು ಹಾಕುತ್ತಿದ್ದ. ಎಲ್ಲ ಕೇಳಿಸಿಕೊಂಡ.

"ಕೆಲಸ ಕೊಡ್ತಾರಾ?"

"ಇಲ್ಲಪ್ಪ, ಇದು ಕೆಲಸ ಅಲ್ಲ."

"ಡಿಗ್ರಿ ಕೊಡ್ತಾರಾ?"

"ಇಲ್ಲ. ಒಂದು ಸರ್ಟಿಫಿಕೇಟ್ ಕೊಡ್ತಾರೆ."

"ಮತ್ತೆ ಎಂಟು ವಾರ ಅಲ್ಲಿ ಏನ್ ಕಡಿದು ಗುಡ್ಡೆ ಹಾಕಕ್ಕೆ ಹೋಗ್ತೀಯ ನೀನು?"

ಗಂಗರಾಜನನ್ನು ಕೆಟ್ಟವನು ಅಂತ ತಿಳಿಯಬೇಡಿ. ಮಗಳಿಗಾಗಿ ಅವನೂ ಯೋಚನೆ ಮಾಡಿಟ್ಟಿದ್ದ. ಅದೇ ರಜದಲ್ಲಿ ತಿಪಟೂರಿನಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಶುರುವಾಗುತ್ತಿತ್ತು, ಹೆಸರು ಬರೆಸಿ ಬಂದಿದ್ದ. ಡಿಗ್ರಿ ಮುಗೀತಿದ್ದ ಹಾಗೆ ಮಗಳು ಕೌಂಟರ್ ಹಿಂದೆ ಫ್ಯಾನಿನ ಕೆಳಗೆ ಕೂರಬೇಕು, ಅಷ್ಟೇ ಅವನ ಆಸೆ. ಎಂಎಸ್ಸಿ, ಸಂಶೋಧನೆ ಅನ್ನೋದೆಲ್ಲ ಅವನಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಂಗೆ ಕಾಣೋದು. ಅಪ್ಪ ಮಗಳು ಮೂರು ದಿನ ಮುಖ ತಿರುಗಿಸಿಕೊಂಡು ಓಡಾಡಿದರು. ನಾಲ್ಕನೇ ದಿನ ಮರಿಯಮ್ಮ ರಾಗಿ ಮುದ್ದೆ ತಟ್ಟೆಗೆ ಇಡುತ್ತಾ "ಕಳ್ಸು ಬುಡು ಗಂಗ. ಕೋಚಿಂಗು ಎಲ್ಲೂ ಓಡೋಗಾಕಿಲ್ಲ" ಅಂದಳು.

ತಾಯಿ ಮಾತು ಮೀರೋ ಧೈರ್ಯ ಗಂಗರಾಜನಿಗೆ ನಲವತ್ತೆಂಟು ವರ್ಷದಲ್ಲಿ ಬಂದಿರಲಿಲ್ಲ, ಅವತ್ತೂ ಬರಲಿಲ್ಲ. ಆದರೆ ಷರತ್ತು ಹಾಕಿದ. ಕೊನೇ ದಿನ ಮಕ್ಕಳೆಲ್ಲ ತಾವು ಮಾಡಿದ್ದನ್ನು ನಿಂತು ಹೇಳ್ತಾರಂತಲ್ಲ, ಅವತ್ತು ಬಂದು ಕೂರ್ತೀನಿ. ಎಂಟು ವಾರಕ್ಕೆ ಬೆಲೆ ಇದೆ ಅಂತ ನನಗನ್ನಿಸಿದರೆ ಎಂಎಸ್ಸಿ ಓದು, ನಾನು ತುಟಿ ಬಿಚ್ಚಲ್ಲ. ಅನ್ನಿಸದಿದ್ದರೆ ಮಾರನೇ ದಿನದಿಂದ ಕೋಚಿಂಗ್, ನೀನು ತುಟಿ ಬಿಚ್ಚಬಾರದು. ಅನಿತಾ ಯೋಚನೆ ಕೂಡ ಮಾಡದೆ ಹೂಂ ಅಂದಳು. ಎಂಟು ವಾರದಲ್ಲಿ ಏನಾದರೂ ಕಂಡುಹಿಡಿಯದೆ ಇರುತ್ತೀನಾ ಅನ್ನೋ ಧೈರ್ಯ ಅವಳದ್ದು, ಇಪ್ಪತ್ತು ವರ್ಷದ ಧೈರ್ಯ.

ಮೈಸೂರಿಗೆ ಹೋದಳು. ಅವಳಿಗೆ ಸಿಕ್ಕ ಕೆಲಸ ಏನು ಗೊತ್ತಾ? ಕೊಬ್ಬರಿ. ಕಾಯಿ ಒಡೆಯದೆ ಒಳಗಿನದು ಕೆಟ್ಟಿದೆಯೋ ಒಳ್ಳೇದಿದೆಯೋ ಹೇಳುವ ಯಂತ್ರ ಮಾಡೋದಕ್ಕೆ ಅಲ್ಲಿನ ವಿಜ್ಞಾನಿ ರವಿಕಿರಣ್ ಹೊರಟಿದ್ದರು. ಕಾಯಿಯನ್ನು ಒಂದು ಬಟ್ಟಲಲ್ಲಿ ಕೂರಿಸಿದರೆ ಯಂತ್ರ ಅದನ್ನು ಅಲ್ಲಾಡಿಸುತ್ತೆ, ಪಕ್ಕದ ಮೈಕು ಸದ್ದು ಹಿಡಿಯುತ್ತೆ. ಆಮೇಲೆ ಒಡೆದು ನೋಡಿ ಒಳ್ಳೇದು ಕೆಟ್ಟದ್ದು ಅಂತ ಬರೆಯಬೇಕು. ಸಾವಿರಾರು ಸದ್ದು ಕೇಳಿ ಕೇಳಿ ಕಂಪ್ಯೂಟರ್ ವ್ಯತ್ಯಾಸ ಕಲಿಯುತ್ತೆ ಅನ್ನೋದು ಲೆಕ್ಕ. ಚೀಲದ ಬಾಯಿ ಬಿಚ್ಚಿದಾಗ ಬಂದ ಅಟ್ಟದ ವಾಸನೆಗೆ ಅನಿತಾಗೆ ನಗು ಬಂತು. ಅಷ್ಟು ದೂರ ಬಂದು ಮತ್ತೆ ಕಾಯಿ ಮುಂದೆ ಕೂರೋ ಹಣೆಬರಹ ಅಂತ ಅಜ್ಜಿಗೆ ಫೋನ್ ಮಾಡಿ ಹೇಳಿದಳು.

ಆದರೆ ಏನು ಉಮೇದು ಅಂತೀರಿ! ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬಾಗಿಲಲ್ಲಿ ಅವಳೇ ಮೊದಲು. ಕಾಯಿಗೆ ನಂಬರ್ ಹಾಕೋದು, ಬಟ್ಟಲಲ್ಲಿ ಕೂರಿಸೋದು, ಪರದೆ ಮೇಲೆ ಸದ್ದು ಗೆರೆಯಾಗಿ ಕುಣಿಯೋದನ್ನು ನೋಡೋದು. ಅಜ್ಜಿ ಕಿವಿಯೊಳಗೆ ಇದ್ದದ್ದು ಹೀಗೆ ಕಣ್ಣಿಗೆ ಕಾಣುತ್ತೆ ಅಂತ ಅವಳು ಕನಸಲ್ಲೂ ಅಂದುಕೊಂಡಿರಲಿಲ್ಲ. ಹಾಸ್ಟೆಲಿನ ರೂಮಿನಲ್ಲಿ ಜೊತೆಗಿದ್ದ ಲಿಖಿತಾಗೆ ದಿನಾ ಅದೇ ಪುರಾಣ. ತುರುವೇಕೆರೆಯಿಂದ ಬಂದಿದ್ದ ಆ ಹುಡುಗಿಯದು ಇನ್ನೊಂದು ಕಥೆ. ಅವಳ ಗೈಡು ಎರಡನೇ ದಿನವೇ ಯಾವುದೋ ಸಮ್ಮೇಳನ ಅಂತ ಹೋದವರು ಪತ್ತೆಯಿಲ್ಲ, ಇವಳು ಗಾಜಿನ ಬಾಟಲಿ ತೊಳೆಯುತ್ತಾ ಕೂತಿದ್ದಳು.

"ಇದೆಲ್ಲ ಸರ್ಟಿಫಿಕೇಟಿಗೆ ಕಣೇ. ಇದ್ರ ಬದ್ಲು ಊರಲ್ಲಿದ್ದಿದ್ರೆ ಮಾವಿನಹಣ್ಣಾದ್ರೂ ತಿಂತಿದ್ದೆ" ಅನ್ನೋಳು ಲಿಖಿತಾ. ಅವಳು ಹೇಳಿದ್ದು ಅವಳ ಮಟ್ಟಿಗೆ ಸತ್ಯ. ಎಲ್ಲ ಬೇಸಿಗೆಯೂ ಎಲ್ಲರಿಗೂ ಫಲ ಕೊಡಲ್ಲ.

ಐದು ವಾರ ಕಳೆಯಿತು. ಆರುನೂರು ಕಾಯಿ ಆಯಿತು. ಒಂದು ಸೋಮವಾರ ರವಿಕಿರಣ್ ಅವಳ ಪುಸ್ತಕ ತಿರುವಿ ಹಾಕಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ತಿರುವಿ ಹಾಕಿದರು.

"ಅನಿತಾ, ಆರುನೂರರಲ್ಲಿ ಕೆಟ್ಟದ್ದು ನಾಲ್ಕೇನಾ?"

"ಹೌದು ಸಾರ್, ನಾಲ್ಕೇ. ಒಳ್ಳೆ ಮಾಲು."

"ಇದು ಆರಿಸದೆ ತಂದ ಮಾಲು ಕಣ್ರೀ. ನೂರಕ್ಕೆ ಹನ್ನೆರಡು ಹದಿಮೂರು ಕೆಟ್ಟಿರಲೇಬೇಕು. ನೀವು ನಿಜವಾಗಿ ಒಡೆದು ನೋಡಿ ಬರೆದಿದ್ದೀರಾ?"

ಅನಿತಾಗೆ ಕೆನ್ನೆಗೆ ಹೊಡೆದ ಹಾಗಾಯಿತು. ಲೋಲಕದ ಲೆಕ್ಕ ತಿದ್ದಿದ್ದು ಹೌದು, ಅದು ಬೇರೆ ಮಾತು. ಇಲ್ಲಿ ಒಂದೇ ಒಂದು ಅಂಕಿ ಅವಳು ಸುಳ್ಳು ಬರೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಜಾಸ್ತಿ ಕೋಪ ಬಂತು.

"ನಂಬಿಕೆ ಇಲ್ದಿದ್ರೆ ಇಲ್ಲೇ ಕೂತ್ಕೊಂಡು ನೋಡಿ ಸಾರ್" ಅಂದುಬಿಟ್ಟಳು.

ರವಿಕಿರಣ್ ಒಳ್ಳೆ ಮನುಷ್ಯ, ಸಿಟ್ಟಾಗದೆ ಸ್ಟೂಲ್ ಎಳೆದುಕೊಂಡು ಕೂತರು. ಅನಿತಾ ಚೀಲಕ್ಕೆ ಕೈ ಹಾಕಿದಳು. ಒಂದು ಕಾಯಿ ತೆಗೆದಳು, ಅಲ್ಲಾಡಿಸಿದಳು, ಯಂತ್ರಕ್ಕೆ ಇಟ್ಟಳು. ಇನ್ನೊಂದು ತೆಗೆದಳು, ಇಟ್ಟಳು. ಏಳನೇದು ತೆಗೆದಳು, ಬಾಗಿಲ ಹಿಂದಿನ ಮೂಲೆಗೆ ಸರಿಸಿದಳು. ಎಂಟನೇದು ಯಂತ್ರಕ್ಕೆ.

"ಅದನ್ನ ಯಾಕೆ ಆ ಕಡೆ ಇಟ್ರಿ?"

"ಯಾವುದು ಸಾರ್?"

"ಈಗ ಬಾಗಿಲ ಹಿಂದೆ ಇಟ್ರಲ್ಲ, ಅದು."

ಅನಿತಾ ತಿರುಗಿ ನೋಡಿದಳು. ಬಾಗಿಲ ಹಿಂದೆ ಮಂಡಿಯುದ್ದ ಕಾಯಿ ಗುಡ್ಡೆ ಬಿದ್ದಿತ್ತು. ಐದು ವಾರ ದಿನಾ ಆ ಬಾಗಿಲು ತೆಗೆದು ಹಾಕಿ ಮಾಡಿದ್ದಾಳೆ, ಕಸ ಗುಡಿಸೋರು ಅದರ ಸುತ್ತ ಗುಡಿಸಿಕೊಂಡು ಹೋಗಿದ್ದಾರೆ, ಅವಳ ಕಣ್ಣಿಗೆ ಅದು ಕಂಡೇ ಇರಲಿಲ್ಲ. ಮನೆಯಲ್ಲಿ ಮೂಲೆಯ ಗುಡ್ಡೆಯನ್ನು ಯಾರು ನೋಡುತ್ತಾರೆ? ಅದು ಅಲ್ಲಿ ಇರಬೇಕಾದ್ದು.

"ಅದು... ಕೆಟ್ಟಿದೆ ಸಾರ್" ಅಂದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಅರ್ಥವಾಯಿತು. ಕೆಟ್ಟದ್ದನ್ನು ರಾಶಿಗೆ ಬಿಡಬಾರದು ಅಂತ ಅಜ್ಜಿ ಹೇಳಿದ್ದನ್ನು ಕೈ ತಾನಾಗೇ ಪಾಲಿಸಿತ್ತು. ಕೆಟ್ಟ ಕಾಯಿಯ ಸದ್ದು ಕಲಿಯಲಿ ಅಂತ ಕಾದು ಕೂತಿದ್ದ ಯಂತ್ರದ ಮುಂದೆ ಅವಳು ಒಳ್ಳೆ ಕಾಯಿಗಳನ್ನಷ್ಟೇ ಆರಿಸಿ ಆರಿಸಿ ಇಟ್ಟಿದ್ದಳು. ಐದು ವಾರದ ಲೆಕ್ಕ ನೀರಿಗೆ ಹಾಕಿದ ಹಾಗಾಗಿತ್ತು. ಯಾವನೋ ಪೇಟೆ ಹುಡುಗ ಆ ಜಾಗದಲ್ಲಿ ಕೂತಿದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ರವಿಕಿರಣ್ ಎದ್ದು ಗುಡ್ಡೆ ಹತ್ತಿರ ಹೋದರು. "ಇದಿಷ್ಟೂ ಕೆಟ್ಟಿದೆಯಾ? ಬರೀ ಅಲ್ಲಾಡಿಸಿ ಹೇಳಿದ್ದಾ?"

"ಹೂಂ ಸಾರ್."

ಮನುಷ್ಯನಿಗೆ ಹುಚ್ಚು ಹಿಡಿದ ಹಾಗಾಯಿತು. ಮಚ್ಚು ತಗೊಂಡು ನೆಲದ ಮೇಲೆ ಕೂತೇ ಬಿಟ್ಟರು. ಇವಳೂ ಕೂತಳು. ಒಡೆದರು, ನೋಡಿದರು, ಒಡೆದರು, ನೋಡಿದರು. ಲ್ಯಾಬೆಲ್ಲ ಕೊಳೆತ ಕೊಬ್ಬರಿ ನಾತ. ಪಕ್ಕದ ಲ್ಯಾಬಿನೋರು ಮೂಗು ಮುಚ್ಚಿಕೊಂಡು ಬಂದು ಇಣುಕಿ ಹೋದರು. ತೊಂಬತ್ತೊಂದು ಕಾಯಿ ಒಡೆದದ್ದರಲ್ಲಿ ಎಂಬತ್ತಾರು ಕೆಟ್ಟಿತ್ತು. ರವಿಕಿರಣ್ ಮುಖ ಹಬ್ಬ ಆಗಿತ್ತು. ಆಗ ಅನಿತಾ ಕೇಳಿದಳು.

"ಸಾರ್, ಒಡೆಯೋಕೆ ಮುಂಚೆ ಇವನ್ನ ಯಂತ್ರಕ್ಕೆ ಇಡಬಹುದಿತ್ತಲ್ವಾ?"

ರವಿಕಿರಣ್ ಕೈಯಲ್ಲಿದ್ದ ಮಚ್ಚು ನೋಡಿದರು, ಮುಂದಿದ್ದ ಚಿಪ್ಪಿನ ರಾಶಿ ನೋಡಿದರು. ದೊಡ್ಡ ವಿಜ್ಞಾನಿ, ಆದರೂ ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋ ಗಾದೆ ಅವರಿಗೂ ಅನ್ವಯ. ಕೊನೆಗೆ ಇಬ್ಬರೂ ನಕ್ಕರು, ಬೇರೆ ಏನು ಮಾಡೋಕಾಗುತ್ತೆ. ನಕ್ಕು ಮುಗಿಸಿ ಅವರು ಹೇಳಿದ್ದು ಇಷ್ಟು: "ಇನ್ನು ಹದಿನಾರು ದಿನ ಇದೆ. ಯಂತ್ರಕ್ಕೆ ಕಲಿಸೋ ಅಷ್ಟು ಮಾಲು ಈಗ ಆಗಲ್ಲ. ಪ್ರಶ್ನೆ ಬದಲಾಯಿಸೋಣ. ಹೋದ ವರ್ಷದ ಒಂದಿಷ್ಟು ಕಾಯಿಂದ ಕಲಿತದ್ದೇ ಯಂತ್ರಕ್ಕೆ ಸಾಕು, ಈಗಿರೋ ಹಂಗೇ ಇರಲಿ. ಅದು ಹೇಳೋದು ಸರಿಯೋ, ನೀವು ಹೇಳೋದು ಸರಿಯೋ?"

ಆ ಹದಿನಾರು ದಿನ ಅನಿತಾ ನೆಲದ ಮೇಲೆ ನಡೆದ ನೆನಪೇ ಇಲ್ಲ ಅಂತಾಳೆ. ಹೊಸ ಚೀಲ ಬಂತು. ಈ ಸಲ ಕೈಗೆ ಸಿಕ್ಕದ್ದು ತೆಗೆಯೋ ಹಂಗಿಲ್ಲ, ಚೀಟಿ ಎತ್ತಿ ಬಂದ ನಂಬರಿನ ಕಾಯಿಯೇ ತೆಗೆಯಬೇಕು. ಮೊದಲು ಯಂತ್ರ ಹೇಳಬೇಕು, ಅದು ಏನು ಹೇಳಿತು ಅನ್ನೋದು ಇವಳಿಗೆ ತಿಳಿಯಬಾರದು. ಆಮೇಲೆ ಇವಳು ಅಲ್ಲಾಡಿಸಿ ಹೇಳಬೇಕು. ಒಡೆಯೋದು ಕೊನೆಗೆ. ಲಿಖಿತಾ ಬಾಟಲಿ ತೊಳೆಯೋ ಕೆಲಸ ಬಿಟ್ಟು ಬಂದು ಚೀಟಿ ಎತ್ತೋಳು. ಇನ್ನೂರು ಕಾಯಿ ಮುಗಿಯಿತು. ನೂರಕ್ಕೆ ಯಂತ್ರ ಹೇಳಿದ್ದು ಎಪ್ಪತ್ತೊಂದು ಸರಿ. ಅನಿತಾ ಹೇಳಿದ್ದು ತೊಂಬತ್ತಮೂರು. ಅವತ್ತು ಲ್ಯಾಬಿಗೆಲ್ಲ ಅವಳೇ ಮೈಸೂರುಪಾಕು ಹಂಚಿದಳು.

ಆದರೆ ಕೊನೇ ದಿನ ಹತ್ತಿರ ಬಂತು. ಅಪ್ಪ ಬರ್ತಾನೆ. ಅಪ್ಪನ ಮುಂದೆ ಏನು ಹೇಳೋದು? ಐದು ವಾರ ಕೆಲಸ ಕೆಡಿಸಿದೆ, ಹದಿನಾರು ದಿನ ಯಂತ್ರಕ್ಕಿಂತ ಚೆನ್ನಾಗಿ ಕಾಯಿ ಅಲ್ಲಾಡಿಸಿದೆ ಅಂತಲಾ? ಅದನ್ನು ಮನೆ ಜಗುಲಿ ಮೇಲೆ ಕೂತೇ ಮಾಡ್ತಿದ್ದೆಯಲ್ಲ, ಇದಕ್ಕೆ ಮೈಸೂರಿಗೆ ಹೋಗಬೇಕಿತ್ತಾ ಅಂತ ಅಪ್ಪ ಕೇಳೇ ಕೇಳ್ತಾನೆ. ತಪ್ಪಿನ ವಿಷಯ ಬಿಟ್ಟು ಗೆದ್ದ ವಿಷಯ ಮಾತ್ರ ಹೇಳಿಬಿಡು ಅಂದಳು ಲಿಖಿತಾ. ಅನಿತಾ ಸೂರ್ಯಪ್ರಕಾಶ್ ಮೇಷ್ಟ್ರಿಗೆ ಫೋನ್ ಮಾಡಿದಳು.

"ತಪ್ಪು ಬಿಟ್ರೆ ಉಳಿಯೋದೇನಮ್ಮ, ಮತ್ತೆ ಒಂಬತ್ತು ಪಾಯಿಂಟ್ ಎಂಟೇ ಅಲ್ವಾ" ಅಂದು ಮೇಷ್ಟ್ರು ಫೋನ್ ಇಟ್ಟರು.

ಗಂಗರಾಜ ಬೆಳಗಿನ ಬಸ್ಸು ಹತ್ತಿ ಚನ್ನರಾಯಪಟ್ಟಣದ ಮೇಲೆ ಬಂದ. ಮದುವೆಗೆ ಹಾಕೋ ಬಿಳೀ ಶರಟು, ಇಸ್ತ್ರಿ ಮಾಡಿದ ಪಂಚೆ. ಸಭಾಂಗಣದ ಕೊನೇ ಸಾಲಿನಲ್ಲಿ ಕೈಕಟ್ಟಿ ಕೂತ. ಮುಂದೆ ಮಕ್ಕಳು ಒಬ್ಬೊಬ್ಬರಾಗಿ ಇಂಗ್ಲಿಷಿನಲ್ಲಿ ಹೇಳಿ ಹೋಗ್ತಿದ್ದರೆ ಅವನು ಗೋಡೆ ಗಡಿಯಾರ ನೋಡ್ತಿದ್ದ. ಅನಿತಾ ಮೈಕಿನ ಮುಂದೆ ಬಂದಳು. ಕೊನೇ ಸಾಲು ನೋಡಿದಳು. "ನಾನು ಕನ್ನಡದಲ್ಲಿ ಹೇಳ್ತೀನಿ" ಅಂದಳು.

ಎಲ್ಲ ಹೇಳಿದಳು. ಬಾಗಿಲ ಹಿಂದಿನ ಗುಡ್ಡೆಯ ಫೋಟೋ ಪರದೆ ಮೇಲೆ ಹಾಕಿದಳು. ಇದು ನನ್ನ ತಪ್ಪು, ಇದರಿಂದ ಆರುನೂರು ಕಾಯಿಯ ಲೆಕ್ಕ ಕೆಟ್ಟಿತು ಅಂದಳು. ಗಂಗರಾಜ ಗಡಿಯಾರ ನೋಡೋದು ನಿಲ್ಲಿಸಿ ಮುಂದಕ್ಕೆ ಬಾಗಿ ಕೂತಿದ್ದ. ಕೊನೆಗೆ ತೊಂಬತ್ತಮೂರು, ಎಪ್ಪತ್ತೊಂದು ಅಂತ ಹೇಳಿ, ಕೈಗೆ ತಿಳಿಯೋ ಸದ್ದನ್ನು ಯಂತ್ರ ಯಾಕೆ ಹಿಡಿಯಲಿಲ್ಲ ಅನ್ನೋದು ಮುಂದೆ ನೋಡಬೇಕು ಅಂತ ಮುಗಿಸಿದಳು. ಪ್ರಶ್ನೆ ಇದೆಯಾ ಅಂತ ರವಿಕಿರಣ್ ಕೇಳಿದರು.

ಕೊನೇ ಸಾಲಿನಲ್ಲಿ ಒಂದು ಕೈ ಎದ್ದಿತು. ಇಲ್ಲೇ, ಎಲ್ಲರೆದುರೇ ತೀರ್ಪು ಹೇಳ್ತಾನೆ ಅಪ್ಪ ಅಂದುಕೊಂಡಳು ಅನಿತಾ. ಗಂಗರಾಜ ಎದ್ದು ನಿಂತು ಪಂಚೆ ಸರಿ ಮಾಡಿಕೊಂಡ.

"ನಂದೊಂದು ಅನುಮಾನ. ನಮ್ಮನೇಲಿ ಕಾಯಿ ಸುಲಿಯಕ್ಕೆ ಬೆಟ್ಟಸ್ವಾಮಿ ಅಂತ ಬತ್ತಾನೆ. ಹುಟ್ಟಿದಾಗ್ಲಿಂದ ಕಿವುಡ, ತಲೆ ಮೇಲೆ ಸಿಡಿಲು ಹೊಡದ್ರೂ ತಿರುಗಿ ನೋಡಾಕಿಲ್ಲ. ಅವ್ನೂ ಅಲ್ಲಾಡಿಸ್ತಾನೆ, ಕೆಟ್ಟದ್ನ ಮೂಲೆಗೆ ಹಾಕ್ತಾನೆ. ನಮ್ಮವ್ವಂದು ಒಂದೆರಡು ತಪ್ಪಿದ್ರೂ ಅವುಂದು ತಪ್ಪಾಕಿಲ್ಲ. ನೀವು ಸದ್ದು ಸದ್ದು ಅಂತ ಮೈಕು ಮಡಗಿದ್ದೀರಲ್ಲ, ಹಂಗಾರೆ ಅವ್ನು ಏನ್ ಕೇಳಿಸ್ಕೊತಾನೆ?"

ಮುಂದಿನ ಸಾಲಿನ ತಲೆ ನರೆತ ವಿಜ್ಞಾನಿಗಳು ಕುರ್ಚಿ ತಿರುಗಿಸಿ ಹಿಂದೆ ನೋಡಿದರು. ರವಿಕಿರಣ್ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡರು. ಬೆಟ್ಟಸ್ವಾಮಿಯನ್ನು ಅನಿತಾ ಹುಟ್ಟಿದಾಗಿನಿಂದ ನೋಡಿದ್ದಾಳೆ. ಅವನ ಜೊತೆ ಕೂತು ಎಷ್ಟೋ ಸಾವಿರ ಕಾಯಿ ಆರಿಸಿದ್ದಾಳೆ. ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಂಗೈಗೆ ತಾಕುವ ಕಂಪನವಾ? ತಿರುಳು ಉರುಳಿದಾಗ ಬದಲಾಗುವ ಭಾರವಾ? ಎಂಟು ವಾರದಲ್ಲಿ ಅವಳು ಇಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ.

"ಗೊತ್ತಿಲ್ಲಪ್ಪ" ಅಂದಳು ಮೈಕಿನಲ್ಲಿ. "ಯಾರಿಗೂ ಗೊತ್ತಿಲ್ಲ."

ಚಪ್ಪಾಳೆ ಬಿತ್ತು. ಅದು ಮಗಳಿಗೋ ಅಪ್ಪನಿಗೋ ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ.

ಊಟ ಆದಮೇಲೆ ಟ್ರಂಕು ಚೀಲ ಹೊತ್ತು ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಅನಿತಾ, ಈ ಕಡೆ ಗಂಗರಾಜ. ಷರತ್ತಿನ ವಿಷಯ ಎತ್ತೋಕೆ ಇವಳಿಗೆ ಧೈರ್ಯವಿಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ ಗಂಗರಾಜನೇ ಶುರು ಮಾಡಿದ.

"ಕೋಚಿಂಗ್‌ನೋರು ಫೋನ್ ಮಾಡಿದ್ರು. ನಾಳೆಯಿಂದ ಹೊಸಾ ಬ್ಯಾಚಂತೆ."

"ಏನಂದೆ?"

"ನನ್ನ ಮಗಳಿಗೆ ಪುರುಸೊತ್ತಿಲ್ಲ ಅಂದೆ."

ಅನಿತಾ ಕಿಟಕಿ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಅಪ್ಪ ಅದನ್ನು ನೋಡದವನ ಹಾಗೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತಿದ್ದ.

"ಆ ಬೆಟ್ಟಸ್ವಾಮಿ ಕೈಗೆ ಏನು ತಿಳೀತದೆ ಅನ್ನೋದ್ನ ಪತ್ತೆ ಮಾಡಕ್ಕೆ ಎಷ್ಟು ವರ್ಷ ಓದ್ಬೇಕು?"

"ಎಂಎಸ್ಸಿ ಎರಡು ವರ್ಷ. ಆಮೇಲೆ ಇನ್ನೂ ಐದಾರು ಹಿಡೀಬಹುದಪ್ಪ."

ಗಂಗರಾಜ ಮನಸ್ಸಿನಲ್ಲೇ ಕೂಡಿಸಿ ನೋಡಿದ.

"ಹಿಡೀಲಿ ಬುಡು. ಬೆಟ್ಟಸ್ವಾಮಿಗಿನ್ನೂ ನಲವತ್ತು ತುಂಬಿಲ್ಲ."